ಹಸು, ಕುರಿ, ಮೇಕೆಯ ಜೀನೋಮಿನಲ್ಲಿ ಸ್ಯಾಟಲೈಟ್ ಡಿಎನ್‌ಎ ಹುಡುಕುವುದು ಹೇಗೆ: ಮೊದಲಿನಿಂದ ಕೊನೆಯವರೆಗೆ

ಮುಳಬಾಗಿಲಿನ ಮನೆಯಲ್ಲಿ ನಮ್ಮಜ್ಜಿ ರಾಮಕೋಟಿ ಬರೆಯುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಗೋಡೆಗೆ ಒರಗಿ ಕೂತು, ಪುಸ್ತಕದ ಒಂದೊಂದು ಚೌಕದಲ್ಲೂ ‘ಶ್ರೀರಾಮ’ ಅಂತ ತುಂಬಿಸುತ್ತಾ ಹೋಗುತ್ತಿದ್ದರು. ಒಂದು ಪುಟದಲ್ಲಿ ದೀರ್ಘ ಬಿಟ್ಟುಹೋಗಿ ‘ಶ್ರೀರಮ’ ಆಗಿದೆ. ಅದರ ಕೆಳಗಿನ ನಾಲ್ಕು ಸಾಲಿನಲ್ಲೂ ಅದೇ ತಪ್ಪು. ಕಣ್ಣು ಮಂಜಾಗಿತ್ತು, ಮೇಲಿನ ಸಾಲು ನೋಡಿಕೊಂಡು ಬರೆದಿದ್ದರು.

ಈಗ ನಾನು ಕೋಲಾರದಲ್ಲಿ ಬಯೋಟೆಕ್ನಾಲಜಿ ಪಾಠ ಮಾಡುತ್ತೇನೆ. ಒಂದೇ ತುಂಡು ಪಕ್ಕಪಕ್ಕದಲ್ಲಿ ಮತ್ತೆ ಮತ್ತೆ ಬರುವ ಸ್ಯಾಟಲೈಟ್ ಡಿಎನ್‌ಎಯ ಪಾಠ ಬಂದಾಗ ಆ ಪುಸ್ತಕವನ್ನೇ ಕ್ಲಾಸಿಗೆ ಒಯ್ಯುತ್ತೇನೆ. ಮಾಮೂಲಿ ಕಥೆ ಪುಸ್ತಕವನ್ನು ಹರಿದು ಚೂರು ಮಾಡಿ ಕೊಟ್ಟರೆ, ಕಷ್ಟಪಟ್ಟು ಮತ್ತೆ ಜೋಡಿಸಬಹುದು. ಒಂದು ಚೂರಿನ ಕೊನೆಯ ಪದ ಇನ್ನೊಂದರ ಮೊದಲ ಪದಕ್ಕೆ ಹೊಂದುತ್ತದೆ. ರಾಮಕೋಟಿಯನ್ನು ಹರಿದರೆ? ಎಲ್ಲ ಚೂರಿನಲ್ಲೂ ಒಂದೇ ಪದ. ಯಾವುದು ಮೊದಲು, ಯಾವುದು ಆಮೇಲೆ, ಒಟ್ಟು ಎಷ್ಟು ಪುಟ ಇತ್ತು, ಏನೂ ಗೊತ್ತಾಗುವುದಿಲ್ಲ. ಪ್ರಾಣಿಗಳ ಜೀನೋಮಿನ ಈ ಭಾಗವನ್ನು ಜನ ಇಷ್ಟು ವರ್ಷ ಬಿಟ್ಟು ಮುಂದೆ ಹೋಗಿದ್ದಕ್ಕೆ ದೊಡ್ಡ ಕಾರಣ ಇದೇ. ಮನುಷ್ಯನ ಜೀನೋಮ್ ಮುಗಿಯಿತು ಎಂದು 2003ರಲ್ಲಿ ಹೇಳಿದಾಗಲೂ ಸೆಂಟ್ರೋಮಿಯರ್‌ಗಳ (ಕೋಶ ಒಡೆಯುವಾಗ ಕ್ರೋಮೋಸೋಮನ್ನು ಎಳೆಗಳು ಹಿಡಿದು ಎಳೆಯುವ ಕಡೆ) ಜಾಗ ಖಾಲಿಯೇ ಇತ್ತು. ಅದು ತುಂಬಿದ್ದು 2022ರಲ್ಲಿ. ತುಂಬಿದ ಮೇಲೆ ನೋಡಿದರೆ ಜೀನೋಮಿನ ಸುಮಾರು ನೂರಕ್ಕೆ 6 ಭಾಗ ಬರೀ ಈ ಸ್ಯಾಟಲೈಟುಗಳೇ.

ಈ ಬರಹ ಬಿಎಸ್ಸಿ, ಎಂಎಸ್ಸಿ ಹುಡುಗ ಹುಡುಗಿಯರಿಗೆ. ಚಿಂತಾಮಣಿಯಲ್ಲಿರಿ, ತಿಪಟೂರಿನಲ್ಲಿರಿ, ಒಂದು ಸಾಧಾರಣ ಲ್ಯಾಪ್‌ಟಾಪ್ ಮತ್ತು ಇಂಟರ್‌ನೆಟ್ ಇದ್ದರೆ ಇದರ ಮುಕ್ಕಾಲು ಪಾಲು ಮನೆಯಲ್ಲೇ ಕೂತು ಮಾಡಬಹುದು. ಲೆಕ್ಕದ ಭಾರವನ್ನೆಲ್ಲ ದೂರದ ಸರ್ವರ್ ಹೊರುತ್ತದೆ.

ಮೊದಲು ಇಷ್ಟು ಗೊತ್ತಿರಲಿ

ಒಂದು ತುಂಡು ಡಿಎನ್‌ಎ, ಅದರ ಪಕ್ಕದಲ್ಲೇ ಅದೇ ತುಂಡು, ಅದರ ಪಕ್ಕದಲ್ಲಿ ಮತ್ತೆ ಅದೇ. ಹೀಗೆ ಸಾವಿರ, ಲಕ್ಷ ಸಲ. ಇದೇ ಸ್ಯಾಟಲೈಟ್ ಡಿಎನ್‌ಎ. ಒಂದು ತುಂಡಿಗೆ ಮೊನೊಮರ್ ಅನ್ನುತ್ತೇವೆ. ಅದು ನೊಣದಲ್ಲಿರುವ ಹಾಗೆ ಬರೀ 5 ಅಕ್ಷರದ್ದಿರಬಹುದು (ಅಕ್ಷರ ಅಂದರೆ ಡಿಎನ್‌ಎಯ ಎ, ಟಿ, ಜಿ, ಸಿಗಳಲ್ಲಿ ಒಂದು). ಮನುಷ್ಯನ ಆಲ್ಫಾ ಸ್ಯಾಟಲೈಟಿನ ಹಾಗೆ 171 ಇರಬಹುದು, ಇಲಿಯ ಮುಖ್ಯ ಸ್ಯಾಟಲೈಟಿನ ಹಾಗೆ 234 ಇರಬಹುದು. ನಮ್ಮ ಹಸುವಿನ ಒಂದು ಸ್ಯಾಟಲೈಟಿನಲ್ಲಂತೂ ಮೊನೊಮರ್ 1400ರ ಆಸುಪಾಸು. ಹೆಚ್ಚಾಗಿ ಇವು ಸಿಗುವುದು ಸೆಂಟ್ರೋಮಿಯರ್ ಸುತ್ತ.

ಹೆಸರಿಗೂ ಇಸ್ರೋದ ಉಪಗ್ರಹಕ್ಕೂ ಸಂಬಂಧವಿಲ್ಲ. ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ಅದಕ್ಕೇ ಹೇಳಿದೆ. 1961ರ ಹೊತ್ತಿಗೆ ಇಲಿಯ ಡಿಎನ್‌ಎಯನ್ನು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಜೋರಾಗಿ ತಿರುಗಿಸಿದಾಗ ಒಂದು ದೊಡ್ಡ ಪಟ್ಟಿ ಮತ್ತು ಅದರ ಪಕ್ಕದಲ್ಲಿ ಒಂದು ಚಿಕ್ಕ ಪಟ್ಟಿ ಕಂಡಿತು. ದೊಡ್ಡದರ ಜೊತೆಗಾರ ಎಂಬ ಅರ್ಥದಲ್ಲಿ ಚಿಕ್ಕದಕ್ಕೆ ಸ್ಯಾಟಲೈಟ್ ಎಂಬ ಹೆಸರು ಬಂತು. ಹಸುವಿನ ಸ್ಯಾಟಲೈಟುಗಳಿಗೆ ಇವತ್ತಿಗೂ 1.715, 1.709, 1.706 ಅಂತ ಹೆಸರಿರುವುದು ಇದರಿಂದಲೇ. ಅವು ಸೀಸಿಯಂ ದ್ರಾವಣದಲ್ಲಿ ಯಾವ ಸಾಂದ್ರತೆಯಲ್ಲಿ ನಿಂತವು ಎಂಬ ಲೆಕ್ಕ. 1970ರಲ್ಲಿ ಮೇರಿ ಲೂ ಪಾರ್ಡ್ಯೂ ಮತ್ತು ಜೋಸೆಫ್ ಗಾಲ್ ಇಲಿಯ ಸ್ಯಾಟಲೈಟ್ ಸೆಂಟ್ರೋಮಿಯರ್ ಪಕ್ಕದಲ್ಲೇ ಇದೆ ಎಂದು ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದರು.

ಹಂತ 1: ಪ್ರಾಣಿ ಆರಿಸಿ

ಅಭ್ಯಾಸಕ್ಕೆ ಹಿಟ್ಟಿನ ಹುಳುವಿನಿಂದ ಶುರು ಮಾಡಿ. ಪಕ್ಷಿ ಸಾಕುವವರು ಮೀಲ್‌ವರ್ಮ್ ಅಂತ ತಿನ್ನಿಸುತ್ತಾರಲ್ವಾ, ಅದೇ. ಶಾಸ್ತ್ರೀಯ ಹೆಸರು ಟೆನೆಬ್ರಿಯೊ ಮೊಲಿಟರ್. ಅದರ ಜೀನೋಮಿನ ಹೆಚ್ಚು ಕಡಿಮೆ ಅರ್ಧ ಭಾಗ ಒಂದೇ ಒಂದು 142 ಅಕ್ಷರದ ಸ್ಯಾಟಲೈಟ್. ಹುಡುಕಿದರೆ ಸಿಗದೇ ಇರಲು ಸಾಧ್ಯವೇ ಇಲ್ಲ. ಸಿಗಲಿಲ್ಲ ಅಂದರೆ ನಿಮ್ಮ ಕ್ರಮದಲ್ಲೇ ಎಲ್ಲೋ ತಪ್ಪಾಗಿದೆ ಎಂದು ತಿಳಿಯುತ್ತದೆ. ಹೊಸಬರಿಗೆ ಇಂಥ ಖಾತ್ರಿ ಬೇಕು.

ಆಮೇಲೆ ಹಸು, ಕುರಿ, ಮೇಕೆ. ಮೂರೂ ನಮ್ಮ ಕೊಟ್ಟಿಗೆಯವು, ಮೂರೂ ಒಂದೇ ವಂಶದವು, ಮೂರರ ಸೀಕ್ವೆನ್ಸೂ ಸಾರ್ವಜನಿಕ ಭಂಡಾರದಲ್ಲಿ ರಾಶಿ ರಾಶಿ ಇದೆ. ಮೂರನ್ನು ಹೋಲಿಸಿದಾಗ ಮಾತ್ರ ವಿಕಾಸದ ಮಾತು ಆಡಲು ಬರುತ್ತದೆ. ಒಂದೇ ಪ್ರಾಣಿ ನೋಡಿದರೆ ಬರೀ ಪಟ್ಟಿ ಸಿಗುತ್ತದೆ ಅಷ್ಟೇ.

ಹಂತ 2: ರೀಡ್‌ಗಳನ್ನು ತನ್ನಿ, ಆದರೆ ಸ್ವಲ್ಪವೇ

ಇಲ್ಲಿ ಎಲ್ಲರೂ ಮಾಡುವ ತಪ್ಪು, ಜೋಡಿಸಿದ ಜೀನೋಮನ್ನು ಇಳಿಸಿಕೊಳ್ಳುವುದು. ಬೇಡ. ಚಿಕ್ಕ ರೀಡ್‌ಗಳಿಂದ, ಅಂದರೆ ಯಂತ್ರ ಓದಿಕೊಟ್ಟ ಡಿಎನ್‌ಎ ಚೂರುಗಳಿಂದ, ಜೋಡಿಸಿದ ಜೀನೋಮಿನಲ್ಲಿ ಸ್ಯಾಟಲೈಟ್ ಕುಸಿದು ಹೋಗಿರುತ್ತದೆ. ಸಾವಿರ ಸಲ ಇರಬೇಕಾದದ್ದು ನಾಲ್ಕೈದು ಸಲ ಇರುತ್ತದೆ, ಉಳಿದದ್ದು ಖಾಲಿ ಜಾಗ. ನಮಗೆ ಬೇಕಾದದ್ದು ಜೋಡಿಸದ ಚೂರುಗಳು, ಅಂದರೆ ಕಚ್ಚಾ ರೀಡ್‌ಗಳು. ಅಮೆರಿಕದ ಎನ್‌ಸಿಬಿಐ ಸಂಸ್ಥೆ ರೀಡ್‌ಗಳನ್ನು ಕೂಡಿಡುವ ಎಸ್‌ಆರ್‌ಎ ಭಂಡಾರದಲ್ಲಿ ಪ್ರಾಣಿಯ ಹೆಸರು ಹಾಕಿ, ಇಲ್ಯುಮಿನಾ (ಚಿಕ್ಕ ರೀಡ್ ಕೊಡುವ ಯಂತ್ರ), ಹೋಲ್ ಜೀನೋಮ್, ಪೇರ್ಡ್ (ಒಂದೇ ತುಂಡಿನ ಎರಡು ತುದಿಯಿಂದ ಓದಿದ ಜೋಡಿ) ಎಂದು ಸೋಸಿ. ವಿವರದಲ್ಲಿ ‘ಪಿಸಿಆರ್ ಫ್ರೀ’ ಅಂತ ಇರುವುದು ಸಿಕ್ಕರೆ ಅದನ್ನೇ ಎತ್ತಿಕೊಳ್ಳಿ. ಪಿಸಿಆರ್‌ನಿಂದ ಪ್ರತಿ ಹೆಚ್ಚಿಸಿದ ಮಾದರಿಯಲ್ಲಿ ಎಟಿ ಜಾಸ್ತಿ ಇರುವ ಅಥವಾ ಜಿಸಿ ಜಾಸ್ತಿ ಇರುವ ಸ್ಯಾಟಲೈಟುಗಳ ಪಾಲು ಏರುಪೇರಾಗುತ್ತದೆ. ಎಣಿಕೆಯೇ ಮುಖ್ಯವಾದ ಕೆಲಸದಲ್ಲಿ ಅದು ಸಣ್ಣ ವಿಷಯವಲ್ಲ.

ಎಷ್ಟು ರೀಡ್ ಬೇಕು? ತುಂಬಾ ಕಡಿಮೆ. ಹಸುವಿನ ಜೀನೋಮ್ ಸುಮಾರು 270 ಕೋಟಿ ಅಕ್ಷರ. 150 ಅಕ್ಷರದ 5 ಲಕ್ಷ ರೀಡ್ ತಗೊಂಡರೆ 7.5 ಕೋಟಿ ಅಕ್ಷರ, ಅಂದರೆ ಜೀನೋಮಿನ ನೂರಕ್ಕೆ 3 ಭಾಗವೂ ಇಲ್ಲ. ಅಷ್ಟು ಸಾಕು. ಇದರ ಹಿಂದಿನ ಯುಕ್ತಿ ಚೆನ್ನಾಗಿದೆ. ಇಷ್ಟು ಕಡಿಮೆ ತಗೊಂಡಾಗ ಒಂದೇ ಸಲ ಇರುವ ಜೀನ್‌ನ ಎರಡು ಚೂರು ಒಂದರ ಮೇಲೊಂದು ಬೀಳುವುದೇ ಅಪರೂಪ. ಲಕ್ಷ ಸಲ ಇರುವುದು ಮಾತ್ರ ಮತ್ತೆ ಮತ್ತೆ ಬೀಳುತ್ತದೆ. ಸಂತೆಯಲ್ಲಿ ಕಣ್ಣು ಮುಚ್ಚಿ ಹತ್ತು ಜನರನ್ನು ನಿಲ್ಲಿಸಿದರೆ ಯಾರ ಊರಿನವರು ಜಾಸ್ತಿ ಬಂದಿದ್ದಾರೆ ಅಂತ ಅಂದಾಜು ಸಿಗುತ್ತದಲ್ಲ, ಹಾಗೆ.

ಡೇಟಾ ಪ್ಯಾಕ್ ಖರ್ಚು ಮಾಡಬೇಡಿ. ಗ್ಯಾಲಕ್ಸಿ ಎಂಬ ಉಚಿತ ವೆಬ್ ವೇದಿಕೆಯಲ್ಲಿ ಖಾತೆ ತೆರೆದು, ಎಸ್‌ಆರ್‌ಎ ಸಂಖ್ಯೆ ಕೊಟ್ಟರೆ ಅಲ್ಲಿಂದಲ್ಲಿಗೇ ಇಳಿಯುತ್ತದೆ. ಅಲ್ಲೇ ಫಾಸ್ಟ್‌ಪಿ ಎಂಬ ಸಾಧನದಿಂದ ಅಡಾಪ್ಟರ್ (ಓದಲೆಂದು ತುದಿಗೆ ಅಂಟಿಸಿದ ಕೃತಕ ತುಂಡು) ಕತ್ತರಿಸಿ, ಗುಣಮಟ್ಟ ಕಡಿಮೆಯಾದ ರೀಡ್‌ಗಳನ್ನು ತೆಗೆಯಿರಿ. ಎಲ್ಲ ರೀಡ್‌ಗಳೂ ಒಂದೇ ಉದ್ದ ಇರುವ ಹಾಗೆ ನೋಡಿಕೊಳ್ಳಿ. ಆಮೇಲೆ ಸೆಕ್‌ಟಿಕೆ ಬಳಸಿ ಎರಡೂ ಫೈಲಿನಿಂದ ಒಂದೇ ‘ಸೀಡ್’ ಸಂಖ್ಯೆಯಲ್ಲಿ (ಲಾಟರಿಯಂಥ ಆಯ್ಕೆ ಎಲ್ಲಿಂದ ಶುರು ಎಂದು ಹೇಳುವ ಸಂಖ್ಯೆ) 2.5 ಲಕ್ಷ ಜೋಡಿ ಆರಿಸಿ. ಸೀಡ್ ಬೇರೆ ಬೇರೆ ಕೊಟ್ಟರೆ ಜೋಡಿ ತಪ್ಪುತ್ತದೆ, ಮುಂದಿನದೆಲ್ಲ ಹಾಳು. ಎರಡನ್ನೂ ಹೆಣೆದು ಒಂದು ಫಾಸ್ಟಾ ಫೈಲ್ (ಸೀಕ್ವೆನ್ಸ್ ಬರೆದಿಡುವ ಸರಳ ಪಠ್ಯದ ಫೈಲ್) ಮಾಡಿ.

ಹಂತ 3: ಗುಂಪು ಮಾಡಿಸಿ, ಉಂಗುರ ಹುಡುಕಿ

ಈಗ ಮುಖ್ಯ ಸಾಧನ. ರಿಪೀಟ್ ಎಕ್ಸ್‌ಪ್ಲೋರರ್ ಎಂಬುದನ್ನು ಜೆಕ್ ದೇಶದವರು ಕಟ್ಟಿದ್ದಾರೆ. ಅದರೊಳಗೆ ಸ್ಯಾಟಲೈಟಿಗೆಂದೇ ಟರೇನ್ ಎಂಬ ಭಾಗವಿದೆ. ಅದನ್ನು 2017ರಲ್ಲಿ ಪ್ರಕಟಿಸಿದರು. ಅವರದೇ ಗ್ಯಾಲಕ್ಸಿ ಸರ್ವರ್ ಇದೆ. ನೋಂದಾಯಿಸಿಕೊಂಡು ಫೈಲ್ ಏರಿಸಿ, ಟರೇನ್ ಆರಿಸಿ, ‘ಪೇರ್ಡ್’ ಗುರುತು ಹಾಕಿ ಬಿಟ್ಟುಬಿಡಿ. ರಾತ್ರಿ ಹಾಕಿ ಮಲಗಿದರೆ ಒಳ್ಳೆಯದು.

ಅದು ಮಾಡುವುದೇನು? ಪ್ರತಿ ರೀಡನ್ನೂ ಉಳಿದೆಲ್ಲ ರೀಡ್‌ಗಳ ಜೊತೆ ಹೋಲಿಸುತ್ತದೆ. ಒಂದಕ್ಕೊಂದು ಚೆನ್ನಾಗಿ ಹೋಲುವ ರೀಡ್‌ಗಳ ನಡುವೆ ಒಂದು ಗೆರೆ ಎಳೆಯುತ್ತದೆ. ಹೀಗೆ ಗೆರೆಗಳಿಂದ ಕಟ್ಟಿಕೊಂಡ ಗುಂಪೇ ಕ್ಲಸ್ಟರ್. ಆ ಗುಂಪಿನ ಆಕಾರ ನೋಡಿ. ವೈರಸ್ ಹಾಗೆ ಜಿಗಿದು ಹರಡಿದ ಟ್ರಾನ್ಸ್‌ಪೋಸಾನ್ ಆಗಿದ್ದರೆ ಉದ್ದನೆಯ ದಾರದ ಹಾಗೆ ಕಾಣುತ್ತದೆ, ಏಕೆಂದರೆ ಅದಕ್ಕೆ ಒಂದು ತಲೆ, ಒಂದು ಬಾಲ ಇದೆ. ಸ್ಯಾಟಲೈಟಿಗೆ ತಲೆ ಬಾಲ ಇಲ್ಲ. ಕೊನೆ ಬಂದ ಕೂಡಲೇ ಮತ್ತೆ ಮೊದಲು. ಅದಕ್ಕೇ ಅದು ಬಳೆಯ ಹಾಗೆ ಉಂಗುರವಾಗುತ್ತದೆ. ಮೊನೊಮರ್ ರೀಡಿಗಿಂತ ಚಿಕ್ಕದಾಗಿದ್ದರೆ ಉಂಗುರ ಕಾಣದೆ ಹತ್ತಿಯ ಉಂಡೆಯ ಹಾಗೆ ಗುಂಡಗಿರುತ್ತದೆ. ಹಿಟ್ಟಿನ ಹುಳುವಿನಲ್ಲಿ ನಿಮಗೆ ಉಂಡೆ, ಹಸುವಿನಲ್ಲಿ ಬಳೆ ಸಿಗುತ್ತದೆ.

ಆದರೆ ಉಂಗುರ ಕಂಡಿದ್ದೆಲ್ಲ ಸ್ಯಾಟಲೈಟ್ ಅಲ್ಲ. ಇದನ್ನು ದಯವಿಟ್ಟು ನೆನಪಿಡಿ. ನಮ್ಮಲ್ಲಿ ಮೊದಲ ವರ್ಷ ಒಬ್ಬ ವಿದ್ಯಾರ್ಥಿನಿಗೆ ಅಚ್ಚುಕಟ್ಟಾದ ದೊಡ್ಡ ಉಂಗುರ ಸಿಕ್ಕಿತು. ಒಂದು ವಾರ ಅದರ ಮೇಲೇ ಕೂತೆವು. ಕೊನೆಗೆ ಬ್ಲಾಸ್ಟ್ ಮಾಡಿದಾಗ, ಅಂದರೆ ಗೊತ್ತಿರುವ ಸೀಕ್ವೆನ್ಸುಗಳ ಜೊತೆ ಹೋಲಿಸಿ ನೋಡಿದಾಗ, ಅದು ಮೈಟೊಕಾಂಡ್ರಿಯದ ಡಿಎನ್‌ಎ. ಹಸುವಿನ ಮೈಟೊಕಾಂಡ್ರಿಯ 16,338 ಅಕ್ಷರದ ನಿಜವಾದ ಉಂಗುರ, ಒಂದು ಕೋಶದಲ್ಲಿ ನೂರಾರು ಪ್ರತಿ ಇರುತ್ತದೆ, ಅದು ಗುಂಪಾಗದೇ ಏನು ಮಾಡೀತು? ಹುಡುಗಿ ತುಂಬಾ ಬೇಜಾರು ಮಾಡಿಕೊಂಡಳು. ಮೊದಲೇ ಬ್ಲಾಸ್ಟ್ ಮಾಡಿಸಬೇಕಿದ್ದುದು ನಾನು. ಅಂದಿನಿಂದ ಮೂರು ವಸ್ತುಗಳನ್ನು ಮೊದಲೇ ಪಕ್ಕಕ್ಕೆ ಇಡುತ್ತೇವೆ: ಮೈಟೊಕಾಂಡ್ರಿಯ, ಇಲ್ಯುಮಿನಾ ಯಂತ್ರದಲ್ಲಿ ಪರೀಕ್ಷೆಗೆ ಬೆರೆಸುವ ಫೈಎಕ್ಸ್ ವೈರಸ್ (5386 ಅಕ್ಷರದ ಇನ್ನೊಂದು ಉಂಗುರ), ಮತ್ತು ರೈಬೋಸೋಮಿನ ಆರ್‌ಎನ್‌ಎ ಜೀನುಗಳು. ಈ ಕೊನೆಯವು ನಿಜವಾಗಿಯೂ ಸಾಲಾಗಿ ಇರುತ್ತವೆ, ಆದರೆ ಅವು ಜೀನುಗಳು, ಬೇರೆ ಲೆಕ್ಕ.

ಹಂತ 4: ಕಣ್ಣಾರೆ ನೋಡಿ

ಟರೇನ್ ಪ್ರತಿ ಸ್ಯಾಟಲೈಟಿಗೂ ಒಂದು ಸರಾಸರಿ ಮೊನೊಮರ್ ಕೊಡುತ್ತದೆ. ಅದನ್ನು ಹಾಗೇ ನಂಬಬೇಡಿ. ಅದೇ ಪ್ರಾಣಿಯ ಉದ್ದನೆಯ ರೀಡ್‌ಗಳು, ಪ್ಯಾಕ್‌ಬಯೋ ಅಥವಾ ನ್ಯಾನೋಪೋರ್‌ನವು, ಎಸ್‌ಆರ್‌ಎಯಲ್ಲಿ ಸಿಗುತ್ತವೆ. ನಿಮ್ಮ ಮೊನೊಮರ್ ಇರುವ ಒಂದು ಉದ್ದದ ರೀಡನ್ನು ಬ್ಲಾಸ್ಟ್‌ನಿಂದ ಹುಡುಕಿ, ಗೆಪಾರ್ಡ್‌ನಂಥ ಸಾಧನದಲ್ಲಿ ಅದನ್ನು ಅದರ ವಿರುದ್ಧವೇ ಡಾಟ್ ಪ್ಲಾಟ್ ಮಾಡಿ.

ಇದು ನೋಡಲೇಬೇಕಾದ ಚಿತ್ರ. ಅಡ್ಡಕ್ಕೂ ಅದೇ ಸೀಕ್ವೆನ್ಸ್, ಉದ್ದಕ್ಕೂ ಅದೇ ಸೀಕ್ವೆನ್ಸ್. ಅಕ್ಷರಗಳು ಹೊಂದಿದಲ್ಲೆಲ್ಲ ಒಂದು ಚುಕ್ಕೆ. ಮಾಮೂಲಿ ಡಿಎನ್‌ಎ ಆದರೆ ಮೂಲೆಯಿಂದ ಮೂಲೆಗೆ ಒಂದೇ ಗೆರೆ, ಸುತ್ತ ಖಾಲಿ. ಸ್ಯಾಟಲೈಟ್ ಆದರೆ ಆ ಗೆರೆಗೆ ಸಮಾನಾಂತರವಾಗಿ ಹತ್ತಾರು ಗೆರೆಗಳು, ಉತ್ತ ಹೊಲದ ಸಾಲಿನ ಹಾಗೆ. ಎರಡು ಸಾಲಿನ ನಡುವಿನ ಅಂತರ ಅಳೆಯಿರಿ, ಅದೇ ಮೊನೊಮರ್ ಉದ್ದ. ಹಸುವಿನಲ್ಲಿ 1400ಕ್ಕೆ ಒಂದು ಸಾಲು ಬರುತ್ತದೆ. ಕೆಲವು ಗೆರೆ ದಟ್ಟ, ಕೆಲವು ತೆಳು. ತೆಳು ಇದ್ದ ಕಡೆ ಪ್ರತಿಗಳು ಒಂದಕ್ಕೊಂದು ದೂರವಾಗಿವೆ ಎಂದರ್ಥ. ಮೂರೋ ನಾಲ್ಕೋ ಗೆರೆಗೊಮ್ಮೆ ಒಂದು ತುಂಬಾ ದಟ್ಟ ಗೆರೆ ಬಂದರೆ ಖುಷಿಪಡಿ. ಒಂದಕ್ಕಿಂತ ಜಾಸ್ತಿ ಮೊನೊಮರ್ ಸೇರಿ ಒಂದು ದೊಡ್ಡ ಕಂತೆಯಾಗಿ, ಆ ಕಂತೆಯೇ ಮತ್ತೆ ಮತ್ತೆ ಬರುತ್ತಿದೆ. ಮನುಷ್ಯನ ಆಲ್ಫಾ ಸ್ಯಾಟಲೈಟ್ ಹೆಚ್ಚಾಗಿ ಇರುವುದು ಹೀಗೆಯೇ.

ಗೆರೆಗಳ ಜೊತೆ ಟ್ಯಾಂಡಮ್ ರಿಪೀಟ್ಸ್ ಫೈಂಡರ್ ಕೂಡ ಓಡಿಸಿ. 1999ರಿಂದ ಇರುವ ಗಟ್ಟಿ ಸಾಧನ. ಅದರಲ್ಲಿ ಗರಿಷ್ಠ ಉದ್ದ ಸಾಮಾನ್ಯವಾಗಿ 500 ಅಂತ ಇಟ್ಟಿರುತ್ತಾರೆ. ಹಾಗೇ ಬಿಟ್ಟರೆ ಹಸುವಿನ 1400ರ ಸ್ಯಾಟಲೈಟ್ ತಪ್ಪಿಯೇ ಹೋಗುತ್ತದೆ. 2000ಕ್ಕೆ ಏರಿಸಿ.

ಹಂತ 5: ಲ್ಯಾಬ್ ಇದ್ದರೆ ಜೆಲ್ ಮೇಲೂ ನೋಡಿ

ಕಂಪ್ಯೂಟರ್ ಹೇಳಿದ್ದನ್ನು ಬೆಂಚಿನ ಮೇಲೆ ಕಾಣುವುದರ ಸುಖವೇ ಬೇರೆ. ಕಾಲೇಜಿನ ಫ್ರಿಜ್ಜಿನಲ್ಲಿ ಡೈಫಿನೈಲ್‌ಅಮೀನ್ ಪರೀಕ್ಷೆಗೆಂದು ತರಿಸಿದ ಕಾಫ್ ಥೈಮಸ್ ಡಿಎನ್‌ಎ ಬಾಟಲಿ ಇದ್ದೇ ಇರುತ್ತದೆ. ಅದು ಕರುವಿನ ಡಿಎನ್‌ಎ. ಹಳೆಯ ಬಾಟಲಿಯಲ್ಲಿ ಡಿಎನ್‌ಎ ತುಂಡಾಗಿರಬಹುದು, ಆದ್ದರಿಂದ ಮೊದಲು ಕತ್ತರಿಸದ ಡಿಎನ್‌ಎಯನ್ನೇ ಜೆಲ್ ಮೇಲೆ ಓಡಿಸಿ. ಮೇಲೆ ದಪ್ಪನೆಯ ಪಟ್ಟಿ ನಿಂತರೆ ಸರಿ. ಪೂರ್ತಿ ಕೆಳಗೆ ಮಸುಕಾಗಿ ಹರಡಿದರೆ ಬಿಟ್ಟುಬಿಡಿ. ಪಶುವೈದ್ಯರು ಯಾವುದಾದರೂ ಪರೀಕ್ಷೆಗೆ ರಕ್ತ ತೆಗೆಯುವಾಗ, ಹಸುವಿನ ಮಾಲೀಕರನ್ನೂ ಕೇಳಿ, 2 ಎಂಎಲ್ ಇಡಿಟಿಎ ಟ್ಯೂಬಿನಲ್ಲಿ ಪಡೆದು ಡಿಎನ್‌ಎ ತೆಗೆಯಿರಿ. ನಾವು ಒಮ್ಮೆ ಹಳ್ಳಿಕಾರ್ ಎತ್ತಿನ ರಕ್ತದಲ್ಲೇ ಮಾಡಿದೆವು.

ಸುಮಾರು 5 ಮೈಕ್ರೋಗ್ರಾಂ ಡಿಎನ್‌ಎಗೆ ಅದನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುವ ಇಕೋ ಆರ್ ಒನ್ ಕಿಣ್ವ ಹಾಕಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಆಮೇಲೆ ಶೇಕಡಾ 1ರ ಅಗರೋಸ್ ಜೆಲ್. ಪಕ್ಕದಲ್ಲಿ ಅಳತೆಯ ಲ್ಯಾಡರ್, ಇನ್ನೊಂದು ಪಕ್ಕದಲ್ಲಿ ಕತ್ತರಿಸದ ಡಿಎನ್‌ಎ. ವೋಲ್ಟೇಜ್ ಕಡಿಮೆ ಇಡಿ, ನಿಧಾನ ಓಡಲಿ. ಬಣ್ಣ ಹಾಕುವಾಗ ಕೈಗವಸು ಬಿಡಬೇಡಿ.

ಜೀನೋಮ್ ಪೂರ್ತಿ ಲಕ್ಷಾಂತರ ಬೇರೆ ಬೇರೆ ಉದ್ದದ ತುಂಡಾಗುತ್ತದೆ, ಆದ್ದರಿಂದ ಬರೀ ಮಸುಕು ಪಟ್ಟೆ ಕಾಣಬೇಕು. ಆದರೆ ಆ ಮಸುಕಿನ ನಡುವೆ 1400ರ ಹತ್ತಿರ ಒಂದು ಗೆರೆ, ಚಾಕುವಿನಿಂದ ಗೀರಿದ ಹಾಗೆ ಎದ್ದು ನಿಲ್ಲುತ್ತದೆ. ಒಂದೊಂದು ಮೊನೊಮರಿನಲ್ಲೂ ಈ ಕಿಣ್ವ ಕತ್ತರಿಸುವ ಜಾಗ ಒಂದೇ ಕಡೆ ಇದೆ. ಲಕ್ಷ ತುಂಡು, ಒಂದೇ ಉದ್ದ. 1974ರಲ್ಲಿ ಮೈಕಲ್ ಬಾಚನ್ ಹಸುವಿನ ಸ್ಯಾಟಲೈಟ್ 1400 ಅಕ್ಷರದ ತುಂಡುಗಳಿಂದ ಕಟ್ಟಿದ್ದು ಎಂದು ತೋರಿಸಿದ್ದು ಇಂಥ ಕತ್ತರಿಕೆಯಿಂದಲೇ. ಇನ್ನೂ ಸ್ವಲ್ಪ ಬಗ್ಗಿ ನೋಡಿ. 2800ರ ಹತ್ತಿರ ಒಂದು ತೆಳು ಗೆರೆ ಇರಬಹುದು. ಕಿಣ್ವ ಪೂರ್ತಿ ಕೆಲಸ ಮಾಡಿದ್ದೂ ಅದು ಉಳಿದಿದ್ದರೆ, ಕೆಲವು ಪ್ರತಿಗಳಲ್ಲಿ ಕತ್ತರಿಸುವ ಜಾಗದ ಒಂದಕ್ಷರ ಬದಲಾಗಿದೆ, ಎರಡು ಮೊನೊಮರ್ ಅಂಟಿಕೊಂಡೇ ಇವೆ. ಅಜ್ಜಿಯ ‘ಶ್ರೀರಮ’ ಅದು. ಕಿಣ್ವ ಇನ್ನೊಂದು ರಾತ್ರಿ ಹೆಚ್ಚು ಹಾಕಿ ನೋಡಿದರೆ ಯಾವುದು ನಿಜ ಅಂತ ತೀರ್ಮಾನವಾಗುತ್ತದೆ.

ಹಂತ 6: ಎಣಿಸಿ, ಹೆಸರಿಡಿ

ಲೆಕ್ಕ ಸುಲಭ. ಒಂದು ಕ್ಲಸ್ಟರಿನಲ್ಲಿ ಒಟ್ಟು ರೀಡ್‌ಗಳ ನೂರಕ್ಕೆ 5 ಇದ್ದವು ಅಂದುಕೊಳ್ಳಿ. 270 ಕೋಟಿಯ ನೂರಕ್ಕೆ 5 ಅಂದರೆ 13.5 ಕೋಟಿ ಅಕ್ಷರ. ಅದನ್ನು 1400ರಿಂದ ಭಾಗಿಸಿದರೆ ಸುಮಾರು 96 ಸಾವಿರ ಪ್ರತಿ. ಮೈಟೊಕಾಂಡ್ರಿಯ, ಫೈಎಕ್ಸ್ ರೀಡ್‌ಗಳನ್ನು ಒಟ್ಟು ಮೊತ್ತದಿಂದ ಮೊದಲೇ ಕಳೆಯಿರಿ. ಹಸುವಿನ ಎಲ್ಲ ಸ್ಯಾಟಲೈಟುಗಳೂ ಸೇರಿ ಜೀನೋಮಿನ ಸುಮಾರು ಕಾಲು ಭಾಗ ಎಂದು ಹಳೆಯ ಸೀಸಿಯಂ ಕಾಲದ ಅಂದಾಜು. ನಿಮಗೆ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ, ಪಿಸಿಆರ್ ಏರುಪೇರು ನೆನಪಿಸಿಕೊಳ್ಳಿ.

ಹೆಸರಿಡಲು ಈಗ ಒಂದು ಒಳ್ಳೆಯ ರೂಢಿ ಇದೆ. 2016ರಲ್ಲಿ ಮಿಡತೆಯ ಜೀನೋಮಿನಲ್ಲಿ 62 ಬಗೆಯ ಸ್ಯಾಟಲೈಟ್ ಪತ್ತೆಮಾಡಿದವರು ಸೂಚಿಸಿದ್ದು. ಪ್ರಾಣಿಯ ಹೆಸರಿನ ಮೂರಕ್ಷರ, ‘ಸ್ಯಾಟ್’, ಪಾಲಿನ ಪ್ರಕಾರ ಕ್ರಮಸಂಖ್ಯೆ, ಕೊನೆಗೆ ಮೊನೊಮರ್ ಉದ್ದ. ಹೆಸರಿಡುವ ಮೊದಲು ಮತ್ತೆ ಮತ್ತೆ ಬರುವ ಡಿಎನ್‌ಎಗಳ ಡಿಫ್ಯಾಮ್ ಭಂಡಾರದಲ್ಲೂ ಎನ್‌ಸಿಬಿಐನಲ್ಲೂ ಹುಡುಕಿ. ಹಸುವಿನಲ್ಲಿ ನಿಮಗೆ ಸಿಗುವುದೆಲ್ಲ ಹೆಚ್ಚು ಕಡಿಮೆ ಈಗಾಗಲೇ ಗೊತ್ತಿರುವುದೇ. ಹೊಸದು ಬೇಕಿದ್ದರೆ ಯಾರೂ ನೋಡದ ಪ್ರಾಣಿ ಆರಿಸಬೇಕು. ನಮ್ಮ ಕೆರೆ, ಬೆಟ್ಟಗಳಲ್ಲಿ ಅಂಥವು ಬೇಕಾದಷ್ಟಿವೆ.

ಹಂತ 7: ಹೋಲಿಸಿ, ವಿಕಾಸ ಓದಿ

ಈಗ ಇಷ್ಟು ಹೊತ್ತು ಕಷ್ಟಪಟ್ಟಿದ್ದರ ಫಲ. ಹಸು, ಕುರಿ, ಮೇಕೆಯ ರೀಡ್‌ಗಳಿಗೆ ಒಂದೊಂದು ಗುರುತಿನ ಅಕ್ಷರ ಮೊದಲಿಗೆ ಸೇರಿಸಿ, ಮೂರನ್ನೂ ಬೆರೆಸಿ, ರಿಪೀಟ್ ಎಕ್ಸ್‌ಪ್ಲೋರರಿನ ಹೋಲಿಕೆಯ ವಿಧಾನದಲ್ಲಿ ಓಡಿಸಿ. ಮೂರರ ಜೀನೋಮೂ ಹೆಚ್ಚು ಕಡಿಮೆ ಒಂದೇ ಗಾತ್ರ, ಆದ್ದರಿಂದ ಸಮ ಸಂಖ್ಯೆಯ ರೀಡ್ ಸಾಕು. ಯಾವ ಗುಂಪಿನಲ್ಲಿ ಯಾರ ರೀಡ್ ಎಷ್ಟು ಎಂದು ಪಟ್ಟಿ ಬರುತ್ತದೆ.

ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಹಸುವಿನ 1.715ಕ್ಕೆ (1400ರ ಸ್ಯಾಟಲೈಟ್ ಅಂದೆವಲ್ಲ, ಅದೇ) ಕುರಿ ಮೇಕೆಯಲ್ಲಿ ನಂಟಿದೆ. ಆದರೆ ಅಲ್ಲಿ ಮೊನೊಮರ್ 820ರ ಆಸುಪಾಸು, ಅಕ್ಷರಗಳೂ ತುಂಬಾ ಬದಲಾಗಿವೆ. ಅದಕ್ಕೇ ಅವು ಒಂದೇ ಕ್ಲಸ್ಟರಿನಲ್ಲಿ ಸೇರದೆಯೂ ಹೋಗಬಹುದು. ಮೊನೊಮರ್‌ಗಳನ್ನು ನೇರವಾಗಿ ಹೊಂದಿಸಿ ನೋಡಿ. ಜೀನುಗಳಲ್ಲಿ ಅಷ್ಟೇನೂ ಬದಲಾಗದ ಪ್ರಾಣಿಗಳು ಇಲ್ಲಿ ಮಾತ್ರ ಯಾಕೆ ಇಷ್ಟು ದೂರ ಹೋದವು?

ಉತ್ತರ ಹುಡುಕಲು ಒಂದು ಮರ, ಅಂದರೆ ಮೊನೊಮರ್‌ಗಳ ವಂಶವೃಕ್ಷ, ಕಟ್ಟಿ. ಪ್ರತಿ ಪ್ರಾಣಿಯಿಂದ 50 ಮೊನೊಮರ್ ಆರಿಸಿ, ಎಲ್ಲವನ್ನೂ ಒಂದೇ ಅಕ್ಷರದಿಂದ ಶುರುವಾಗುವ ಹಾಗೆ ತಿರುಗಿಸಿಡಿ. ಇದನ್ನು ಮರೆಯುವವರೇ ಜಾಸ್ತಿ. ಉಂಗುರಕ್ಕೆ ಮೊದಲಿಲ್ಲವಾದ್ದರಿಂದ ಸಾಧನ ಎಲ್ಲಿಂದ ಬೇಕಾದರೂ ಶುರು ಮಾಡಿರುತ್ತದೆ. ಆಮೇಲೆ ಮ್ಯಾಫ್ಟ್‌ನಲ್ಲಿ ಹೊಂದಿಸಿ, ಐಕ್ಯೂ ಟ್ರೀಯಲ್ಲಿ ಮರ ತೆಗೆಯಿರಿ.

ಹಸುವಿನವೆಲ್ಲ ಒಂದು ಕೊಂಬೆಯಲ್ಲಿ, ಕುರಿಯವೆಲ್ಲ ಇನ್ನೊಂದರಲ್ಲಿ ಕೂತರೆ ಅದು ಒಟ್ಟಾಗಿ ಆಗುವ ವಿಕಾಸದ ಗುರುತು. ಲಕ್ಷ ಪ್ರತಿಗಳೂ ತಮ್ಮ ಪಾಡಿಗೆ ತಾವು ಬದಲಾಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಒಂದು ಪ್ರತಿಯಲ್ಲಿ ಬಂದ ಬದಲಾವಣೆ ಪಕ್ಕದ ಪ್ರತಿಗಳಿಗೂ ಹರಡುತ್ತದೆ. ಹೇಗೆ? ರಾಮಕೋಟಿಯ ಎರಡು ಪುಟಗಳನ್ನು ಒಂದರ ಮೇಲೊಂದು ಇಡಿ, ಆದರೆ ಎರಡು ಸಾಲು ಜಾರಿಸಿ ಇಡಿ. ಸಾಲುಗಳೆಲ್ಲ ಒಂದೇ ಥರ ಇರುವುದರಿಂದ ಜಾರಿದ್ದು ಗೊತ್ತಾಗುವುದಿಲ್ಲ. ಈಗ ಮಧ್ಯದಲ್ಲಿ ಕತ್ತರಿಸಿ, ಅದಲು ಬದಲು ಮಾಡಿ ಅಂಟಿಸಿ. ಒಂದು ಪುಟಕ್ಕೆ ಎರಡು ಸಾಲು ಜಾಸ್ತಿ, ಇನ್ನೊಂದಕ್ಕೆ ಎರಡು ಕಡಿಮೆ. ಕ್ರೋಮೋಸೋಮುಗಳಲ್ಲಿ ಇದಕ್ಕೆ ಅಸಮ ವಿನಿಮಯ ಅನ್ನುತ್ತೇವೆ. ಇದು ತಲೆತಲಾಂತರದಿಂದ ನಡೆದರೆ ಒಂದು ಬಗೆಯ ಪ್ರತಿ ಇಡೀ ಸಾಲನ್ನು ತುಂಬಿಬಿಡುತ್ತದೆ ಎಂದು ಜಾರ್ಜ್ ಸ್ಮಿತ್ 1976ರಲ್ಲೇ ಲೆಕ್ಕ ಹಾಕಿ ತೋರಿಸಿದರು. ಯಾವ ಉಪಯೋಗವೂ ಇಲ್ಲದಿದ್ದರೂ ಹೀಗಾಗುತ್ತದೆ.

ಮರದಲ್ಲಿ ಎರಡೂ ಪ್ರಾಣಿಗಳ ಪ್ರತಿಗಳು ಬೆರೆತು ಕೂತಿದ್ದರೆ ಬೇರೆ ಕಥೆ. ಆ ಬಗೆಗಳು ಎರಡೂ ಕವಲೊಡೆಯುವ ಮೊದಲಿನಿಂದಲೇ ಇದ್ದವು. 1977ರಲ್ಲಿ ಫ್ರೈ ಮತ್ತು ಸಾಲ್ಸರ್ ಹೇಳಿದ ಲೈಬ್ರರಿ ವಾದ ಇಲ್ಲಿ ಸರಿಹೊಂದುತ್ತದೆ. ಒಂದು ವಂಶದ ಎಲ್ಲ ಪ್ರಾಣಿಗಳ ಹತ್ತಿರವೂ ಹಲವು ಸ್ಯಾಟಲೈಟುಗಳ ಒಂದು ಕಪಾಟಿದೆ. ಒಂದು ಪ್ರಾಣಿಯಲ್ಲಿ ಒಂದು ಪುಸ್ತಕ ಲಕ್ಷ ಪ್ರತಿ ಅಚ್ಚಾಗುತ್ತದೆ, ಇನ್ನೊಂದರಲ್ಲಿ ಅದೇ ಪುಸ್ತಕ ಮೂಲೆಯಲ್ಲಿ ಹತ್ತು ಪ್ರತಿ ಉಳಿದಿರುತ್ತದೆ. ಅದಕ್ಕೇ ‘ಈ ಪ್ರಾಣಿಯಲ್ಲಿ ಇಲ್ಲ’ ಎಂದು ಬರೆಯುವ ಮೊದಲು ಜಾಸ್ತಿ ರೀಡ್ ತಗೊಂಡು ಮತ್ತೊಮ್ಮೆ ಹುಡುಕಿ.

ಇಷ್ಟೆಲ್ಲ ಯಾಕೆ ಬೇಕು ಅಂತ ಮನೆಯವರು ಕೇಳಿದರೆ ನೊಣದ ಕಥೆ ಹೇಳಿ. ಡ್ರೊಸೊಫಿಲಾದ ಎರಡು ಹತ್ತಿರದ ಜಾತಿಗಳಿವೆ, ಮೆಲನೋಗ್ಯಾಸ್ಟರ್ ಮತ್ತು ಸಿಮ್ಯುಲನ್ಸ್. ಸಿಮ್ಯುಲನ್ಸ್ ತಾಯಿಗೆ ಮೆಲನೋಗ್ಯಾಸ್ಟರ್ ತಂದೆಯಿಂದ ಹುಟ್ಟುವ ಹೆಣ್ಣು ಮರಿಗಳು ಭ್ರೂಣದಲ್ಲೇ ಸಾಯುತ್ತವೆ. ತಂದೆಯ ಎಕ್ಸ್ ಕ್ರೋಮೋಸೋಮಿನ ಮೇಲೆ 359 ಅಕ್ಷರದ ಸ್ಯಾಟಲೈಟಿನ ಒಂದು ದೊಡ್ಡ ರಾಶಿ ಇದೆ. ಕೋಶ ಒಡೆಯುವಾಗ ಆ ರಾಶಿ ಬಿಡಿಸಿಕೊಳ್ಳದೆ ಸಿಕ್ಕಿಕೊಳ್ಳುತ್ತದೆ ಎಂದು ಫೆರಿ ಮತ್ತು ಬಾರ್ಬಾಶ್ 2009ರಲ್ಲಿ ತೋರಿಸಿದರು. ಕಸ ಎಂದು ಕರೆದ ಡಿಎನ್‌ಎ ಎರಡು ಜಾತಿಗಳ ನಡುವೆ ಬೇಲಿಯಾಗಿದೆ. ಮುಂಬೈ ಐಐಟಿಯಲ್ಲಿ ಓದಿದ ಹರ್ಮಿತ್ ಮಲಿಕ್ ಮತ್ತು ಜೊತೆಗಾರರು 2001ರಲ್ಲಿ ಇನ್ನೊಂದು ವಿವರಣೆ ಕೊಟ್ಟರು. ಹೆಣ್ಣಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಮಾತ್ರ ಮೊಟ್ಟೆಯಾಗುತ್ತದೆ. ಆ ಒಂದು ಜಾಗಕ್ಕಾಗಿ ಸೆಂಟ್ರೋಮಿಯರುಗಳೇ ಪೈಪೋಟಿ ನಡೆಸುತ್ತವೆ, ಅದಕ್ಕೇ ಅಲ್ಲಿನ ಸ್ಯಾಟಲೈಟ್ ಇಷ್ಟು ಬೇಗ ಬದಲಾಗುತ್ತದೆ ಎಂಬುದು ಅವರ ವಾದ. ನನಗೆ ಇದು ಬಹಳ ಮಟ್ಟಿಗೆ ಒಪ್ಪಿಗೆ. ಆದರೆ ಸ್ಮಿತ್ ಅವರ ಲೆಕ್ಕ ಮರೆಯದೆ, ಪ್ರತಿ ಬದಲಾವಣೆಗೂ ಒಂದು ಉದ್ದೇಶ ಹುಡುಕುವುದನ್ನು ತಡೆಹಿಡಿಯಬೇಕು.

ನಮ್ಮ ದೇಶದ ಎರಡು ಪ್ರಾಣಿಗಳನ್ನಂತೂ ಬಿಡಬೇಡಿ. ಭಾರತದ ಕಾಡುಕುರಿಯ (ಕುರಿಯಲ್ಲ, ಮಂಟ್‌ಜ್ಯಾಕ್ ಎಂಬ ಬೊಗಳುವ ಜಿಂಕೆ) ಹೆಣ್ಣಿಗೆ ಬರೀ 6 ಕ್ರೋಮೋಸೋಮ್, ಗಂಡಿಗೆ 7. ಅದರ ಚೀನಾದ ನಂಟನಿಗೆ 46. ಒಂದಕ್ಕೊಂದು ಅಂಟಿಕೊಂಡು ಕಡಿಮೆಯಾದವು. ಅಂಟಿದ ಜಾಗಗಳಲ್ಲಿ ಹಳೆಯ ಸ್ಯಾಟಲೈಟ್ ಇನ್ನೂ ಉಳಿದಿದೆ, ಗೋಡೆ ಒಡೆದು ಎರಡು ಕೋಣೆ ಒಂದು ಮಾಡಿದ ಮೇಲೂ ನೆಲದಲ್ಲಿ ಹೊಸಿಲಿನ ಗುರುತು ಉಳಿಯುವ ಹಾಗೆ. ಇನ್ನೊಂದು, ಪಟ್ಟೆಪಟ್ಟೆಯ ಬ್ಯಾಂಡೆಡ್ ಕ್ರೇಟ್ ಹಾವು, ನಮ್ಮ ಕಟ್ಟುಹಾವಿನ ನಂಟ. ಅದರಿಂದ ಸಿಕ್ಕ ಬಿಕೆಎಂ ಎಂಬ ಸ್ಯಾಟಲೈಟನ್ನು ಲಾಲ್‌ಜಿ ಸಿಂಗ್ ಅಧ್ಯಯನ ಮಾಡಿದರು. ಅದರ ತಿರುಳು ಜಿಎಟಿಎ ಎಂಬ ನಾಲ್ಕಕ್ಷರದ ಸಾಲು. ಅದೇ ಮುಂದೆ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಡಿಎನ್‌ಎ ಬೆರಳಚ್ಚಿಗೆ ಸಾಧನವಾಯಿತು.

ಹಂತ 8: ಏನೂ ಸಿಗದ ಪ್ರಾಣಿಯನ್ನೂ ಓಡಿಸಿ

ಶಿಡ್ಲಘಟ್ಟದ ಹುಡುಗರು ಕೇಳಿಯೇ ಕೇಳುತ್ತಾರೆ, ರೇಷ್ಮೆ ಹುಳು ಮಾಡೋಣವಾ ಅಂತ. ಮಾಡಿ. 46 ಕೋಟಿ ಅಕ್ಷರದ ಜೀನೋಮ್, ಬೇಗ ಮುಗಿಯುತ್ತದೆ. ಹಸುವಿನಲ್ಲಿ ಕಂಡಂಥ ದೊಡ್ಡ ಬಳೆಗಳು ಇಲ್ಲಿ ಸಿಗುವುದಿಲ್ಲ. ದಾರದ ಆಕಾರಗಳೇ ಜಾಸ್ತಿ, ಟ್ರಾನ್ಸ್‌ಪೋಸಾನುಗಳು. ನಿಮ್ಮ ಕ್ರಮದಲ್ಲಿ ತಪ್ಪಿಲ್ಲ. ರೇಷ್ಮೆ ಹುಳುವಿನ ಕ್ರೋಮೋಸೋಮಿಗೆ ಒಂದೇ ಜಾಗದ ಸೆಂಟ್ರೋಮಿಯರ್ ಇಲ್ಲ, ಎಳೆಗಳು ಉದ್ದಕ್ಕೂ ಹಿಡಿಯುತ್ತವೆ. ಸೆಂಟ್ರೋಮಿಯರಿನ ಗುರುತಿನ ಪ್ರೋಟೀನನ್ನೇ ಈ ವಂಶ ಕಳೆದುಕೊಂಡಿದೆ. ಇಂಥ ಕ್ರೋಮೋಸೋಮ್ ಇದ್ದೂ ಸ್ಯಾಟಲೈಟ್ ತುಂಬಿರುವ ಜೀವಿಗಳೂ ಇವೆ, ಆದ್ದರಿಂದ ಇದೊಂದೇ ಕಾರಣ ಅಂತ ಬರೆದುಬಿಡಬೇಡಿ. ಹಿಟ್ಟಿನ ಹುಳು, ಹಸು, ರೇಷ್ಮೆ ಹುಳು, ಮೂರರ ಫಲಿತಾಂಶವನ್ನು ಒಂದೇ ಪುಟದಲ್ಲಿ ಅಂಟಿಸಿ ಗೋಡೆಗೆ ಹಾಕಿ. ನಮ್ಮ ಲ್ಯಾಬಿನಲ್ಲಿ ಹಾಗೆ ಹಾಕಿದ್ದೇವೆ.

ನೋಟ್‌ಬುಕ್‌ನಲ್ಲಿ ಎಸ್‌ಆರ್‌ಎ ಸಂಖ್ಯೆ, ರೀಡಿನ ಉದ್ದ, ಎಷ್ಟು ಜೋಡಿ, ಸೀಡ್ ಸಂಖ್ಯೆ, ಸಾಧನದ ಆವೃತ್ತಿ, ಓಡಿಸಿದ ದಿನ ಬರೆದಿಡಿ. ಸರ್ವರ್‌ನಲ್ಲಿ ಫೈಲುಗಳು ಶಾಶ್ವತವಾಗಿ ಇರುವುದಿಲ್ಲ. ಮೊನೊಮರ್ ಫಾಸ್ಟಾ ಮತ್ತು ವರದಿಯ ಫೋಲ್ಡರನ್ನು ಅವತ್ತೇ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ.